ಭುಜದ ಮೇಲಿನ ಕೈ

ಮುದುಕಿ ಬರುತ್ತಿದ್ದಾಳೆಂದು ಬೀದಿಯ ಆ ತುದಿಯಲ್ಲಿರುವಾಗಲೇ ಅವಳಿಗೆ ಗೊತ್ತಾಯಿತು. ಅಪ್ಪನ ಗಾಡಿ ರಿಪೇರಿಯ ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದವಳು ನೀರು ನಿಲ್ಲಿಸಿದಳು. ಮುದುಕಿ ಎಂದರೆ ದನದ ಡಾಕ್ಟರ ಹಳೆಯ ಜೀಪು, ನಾಲ್ಕೂ ಚಕ್ರಗಳಿಗೆ ಎಳೆತವಿರುವಂಥದ್ದು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲವೆಂದು ಡಾಕ್ಟರು ಅದನ್ನು ಬಿಡದೆ ಇಟ್ಟುಕೊಂಡಿದ್ದರು. ಬೀದಿಯ ಏರಿನಲ್ಲಿ ಅವರು ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಕೆಮ್ಮಿನ ಅಡಿಯಲ್ಲಿ ಒಂದು ಗೋಳು ಕೇಳಿಸಿತು, ಯಾರೋ ಬಾಗಿಲು ಹಾಕಿಕೊಂಡು ಅಳುತ್ತಿರುವ ಹಾಗೆ. ಏರು ಮುಗಿದು ಇಳಿಜಾರು ಬಂತು, ಡಾಕ್ಟರು ಕಾಲು ತೆಗೆದರು, ಕೆಮ್ಮು ತಗ್ಗಿತು. ಗೋಳು ತಗ್ಗಲಿಲ್ಲ, ರಾಗ ಬದಲಿಸಲೂ ಇಲ್ಲ. ಗಾಡಿಯ ಓಟ ಹೆಚ್ಚಿದಂತೆ ಏರಿತು, ಬ್ರೇಕು ಹಿಡಿದಂತೆ ಇಳಿಯಿತು, ಅಷ್ಟೆ. ಎಂಜಿನ್ನು ಎಳೆಯುವುದಕ್ಕೂ ಬಿಡುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾದರೆ ಇದು ಎಂಜಿನ್ನು ಎಳೆಯುವ ಹಿಂದಿನ ಚಕ್ರಗಳ ಕಡೆಯದಲ್ಲ, ಮುಂದಿನದು. ಅವಳ ಬೆರಳುಗಳು ತಾವಾಗಿಯೇ ನಲ್ಲಿಯ ಕೊಳವೆಯ ಮೇಲೆ ಎರಡು ಸಲ ತಟ್ಟಿದವು. ತಟ್ಟಿದ್ದು ಗಮನಕ್ಕೆ ಬಂದದ್ದೇ ತಡ, ಮೈಯೆಲ್ಲ ಉರಿಯಿತು. ಏನೋ ಅಂಟಿಕೊಂಡಿದೆ ಎನ್ನುವ ಹಾಗೆ ಕೈಯನ್ನು ಬಟ್ಟೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ನಿನ್ನೆ ಸಂಜೆ ಊಟದ ನಡುವೆ ಅಪ್ಪ ಹೇಳಿದ್ದು ಇಷ್ಟೇ. "ಬರೋ ತಿಂಗಳಿಂದ ಶೆಡ್ಡು ಅಳಿಯ ನೋಡ್ಕೋತಾನೆ. ಬೋರ್ಡು ಬರೆಯೋನಿಗೆ ಹೇಳಿದೀನಿ." ಅಕ್ಕ ತಟ್ಟೆಯಿಂದ ತಲೆಯೆತ್ತಲಿಲ್ಲ, ಆದರೆ ಅವಳ ಕಿವಿಯ ತುದಿ ಸಂತೋಷಕ್ಕೆ ಕೆಂಪಾಗಿತ್ತು. ಭಾವ, "ನೀವಿರೋವಾಗ ನಂದೇನಿದೆ ಮಾವ" ಎಂದು ಹೇಳಬೇಕಾದದ್ದನ್ನು ಹೇಳಿ, ಮಾತು ಮುಗಿಯುವ ಮೊದಲೇ ಇನ್ನೊಂದು ತುತ್ತು ಬಾಯಿಗಿಟ್ಟ. ಅಮ್ಮ ಅವಳ ಕಡೆ ತಿರುಗಿ, "ಇನ್ನಾದ್ರೂ ನೀನು ಮನೇಲಿರು. ಎಷ್ಟು ದಿನ ಅಂತ ಗ್ರೀಸ್ ವಾಸನೆ ಹೊಡ್ಕೊಂಡು ಓಡಾಡ್ತೀಯ" ಎಂದಳು, ದೊಡ್ಡ ಉಪಕಾರ ಮಾಡಿದವಳ ಹಾಗೆ. ಅವಳು ನೀರು ಕುಡಿದಳು. ಹಾಗಾದರೆ ಅಪ್ಪನ ಕಿವಿ ಯಾರು? ಕೇಳಬೇಕಾದದ್ದು ಅದೊಂದೇ, ಮತ್ತು ಆ ಮನೆಯಲ್ಲಿ ಯಾರೂ ಯಾವತ್ತೂ ಆಡದ ಮಾತೂ ಅದೊಂದೇ.

ಅಪ್ಪನ ಕಿವಿಯ ಹೆಸರು ದೊಡ್ಡದು. ಮೇಸ್ತ್ರಿ ಒಂದು ಸುತ್ತು ಗಾಡಿ ಓಡಿಸಿ ಬಂದರೆ ಸಾಕು, ಎಲ್ಲಿ ಬೇರಿಂಗ್ ಹೋಗಿದೆ, ಎಲ್ಲಿ ಹಲ್ಲು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಾನೆ ಎಂದು ಲಾರಿಯವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ಸುತ್ತಿಗೆ, ಗ್ರೈಂಡರು, ತಗಡಿನ ಸೂರು ಎಲ್ಲ ಸೇರಿ ಆ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿದ್ದು ಯಾವಾಗ ಎಂದು ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ. ಅವಳು ಶಾಲೆ ಬಿಟ್ಟ ಬೇಸಿಗೆಯಲ್ಲಿ ಅಪ್ಪ ಅವಳನ್ನು ಮೊದಲ ಸಲ ಟ್ರಯಲ್‌ಗೆ, ಗಾಡಿ ಓಡಿಸಿ ನೋಡುವುದಕ್ಕೆ, ಕರೆದುಕೊಂಡು ಹೋದ. "ಹಿಂದೆ ಕೂತ್ಕೊ. ಬೀಳದ ಹಾಗೆ ನನ್ನ ಭುಜ ಹಿಡ್ಕೊ. ಸದ್ದು ಹಿಂದಿಂದ ಬಂತು ಅನ್ನಿಸಿದ್ರೆ ಒಂದ್ಸಲ ತಟ್ಟು, ಮುಂದಿಂದ ಅನ್ನಿಸಿದ್ರೆ ಎರಡ್ಸಲ. ಏನಿಲ್ಲ ಅಂದ್ರೆ ಸುಮ್ನಿರು." ಆಟ ಎಂದುಕೊಂಡಳು. ಆಟದಲ್ಲಿ ಗೆದ್ದಾಗಲೆಲ್ಲ ಅಪ್ಪ ಶೆಡ್ಡಿಗೆ ಬಂದು ಇಳಿದು, ಗಿರಾಕಿಯ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿ, ಆಳದಲ್ಲೇನನ್ನೋ ಕೇಳಿಸಿಕೊಳ್ಳುವವನ ಹಾಗೆ ತಲೆ ವಾಲಿಸಿ, ಅವಳು ತಟ್ಟಿದ್ದನ್ನು ಹೇಳುತ್ತಿದ್ದ. ಗಿರಾಕಿ ಬೆರಗಾಗಿ ನೋಡುತ್ತಿದ್ದ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಶಾಲೆ ಬಿಟ್ಟದ್ದಕ್ಕೆ ಈ ಆಟ ಸಿಕ್ಕಿತೋ, ಈ ಆಟಕ್ಕೆಂದೇ ಶಾಲೆ ಬಿಡಿಸಿದರೋ ಎಂದು ಒಂದು ವಯಸ್ಸಿನ ಮೇಲೆ ಅವಳಿಗೆ ಅನುಮಾನ ಹುಟ್ಟಿತು. ಕೇಳಲಿಲ್ಲ. ಮಾತು ಕಡಿಮೆಯೆಂದು ಶೆಡ್ಡಿನವರು ಮೂಗಿ ಎಂದು ಕರೆಯುತ್ತಿದ್ದ ಹುಡುಗಿ ಅವಳು, ಮೂಗಿಯರು ಕೇಳುವುದಿಲ್ಲ.

ಮನೆಯಲ್ಲಿ ಎಲ್ಲರಿಗೂ ಒಂದು ಅಭ್ಯಾಸ ಬಂದುಬಿಟ್ಟಿತ್ತು. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಅವನ ಎದುರಿಗೆ ಬಂದು ನಿಂತು ಬಾಯಿ ತೆರೆಯುವುದು. ಅಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸಿಟ್ಟು ನಡುಮನೆಗೆ ಬಂದು ಅವನ ಮುಖ ನೋಡಿ "ಊಟಕ್ಕೆ ಏಳಿ" ಎನ್ನುತ್ತಿದ್ದಳು. ಯಾಕೆ ಎಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮದುವೆಯಾಗಿ ಹೋದ ಅಕ್ಕನೂ ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ತವರಿನ ಮರ್ಯಾದೆ ತಾನೇ ಕಳೆದ ಹಾಗೆ ಎಂದುಕೊಂಡಿರಬೇಕು. ದೊಡ್ಡ ಶೋರೂಮಿನಲ್ಲಿ ಗಿರಾಕಿಗಳನ್ನು ಕೂರಿಸಿ ಮಾತಾಡಿಸುವ ಕೆಲಸ ಮಾಡಿ, ಅದನ್ನು ಬಿಟ್ಟು ಬಂದಿದ್ದ ಭಾವ ಅಪ್ಪನ ಬೆನ್ನಿಗೇ ಮಾತಾಡುತ್ತಿದ್ದ, ಉತ್ತರ ಬಾರದಿದ್ದರೆ ಅವಳ ಕಡೆ ನೋಡಿ ಹುಬ್ಬೇರಿಸುತ್ತಿದ್ದ. "ನಿಮ್ಮಪ್ಪಂಗೆ ಏನು ದೊಡ್ಡಸ್ತಿಕೆ ಅಂತೀಯ! ಮಾವ ಮಾವ ಅಂತ ಬಡ್ಕೊಂಡ್ರೂ ತಿರುಗಿ ನೋಡಲ್ಲ. ರಾಜರ ವಂಶ." ಅವಳಿಗೆ ನಗು ಬರುತ್ತಿತ್ತು, ನಗುವಿನ ಹಿಂದೆಯೇ ಸಿಟ್ಟು.

ಡಾಕ್ಟರು ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟರು. "ಮೇಸ್ತ್ರಿ, ಮುದುಕಿ ಅಳೋಕೆ ಶುರು ಮಾಡಿದಾಳೆ. ನಾಡಿದ್ದು ಗುಡ್ಡದ ಮೇಲೆ ದನಗಳಿಗೆ ಚುಚ್ಚುಮದ್ದು ಹಾಕೋಕೆ ಹೋಗ್ಬೇಕು. ಆ ಕಡಿದಾದ ದಾರೀಲಿ ಕೈಕೊಟ್ರೆ ನನ್ನನ್ನ ಹೊತ್ಕೊಂಡು ಬರೋರೂ ಇರಲ್ಲ."

ಅಪ್ಪ ಅವರ ತುಟಿಗಳನ್ನೇ ನೋಡುತ್ತ ನಕ್ಕ. "ದನಗಳ ಕಥೆ ನೀವು ನೋಡ್ಕೊಳಿ ಡಾಕ್ಟ್ರೇ, ಮುದುಕಿ ಕಥೆ ನಾನು ನೋಡ್ಕೋತೀನಿ."

ಅವಳು ಯಾವತ್ತಿನ ಹಾಗೆ ಕೈ ಒರೆಸಿಕೊಂಡು ಹಿಂದಿನ ಸೀಟಿನ ಕಡೆ ನಡೆದಳು. ಅಲ್ಲಿ ಭಾವ ಕೂತಿದ್ದ, ಎರಡೂ ಕಾಲು ಅಗಲಿಸಿ.

"ಎಲ್ಲಿಗೆ ಮೂಗಿ?"

"ಟ್ರಯಲ್‌ಗೆ."

"ನಾನಿದೀನಲ್ಲ. ಶೆಡ್ಡು ನೋಡ್ಕೊಳ್ಳೋನು ಟ್ರಯಲ್ ನೋಡ್ದೆ ಇನ್ನೇನು ನಿನ್ನ ಲೋಟ ತೊಳೀಲಾ? ಹೋಗು, ಡಾಕ್ಟರಿಗೆ ಚಹಾ ಕೊಡು."

ಸ್ಟಿಯರಿಂಗಿನ ಮುಂದೆ ಕೂತಿದ್ದ ಅಪ್ಪ ಕನ್ನಡಿಯಲ್ಲಿ ಇದನ್ನು ನೋಡಿದ. ಕೇಳಿಸಿರಲಿಕ್ಕಿಲ್ಲ, ಆದರೆ ನೋಡಿದ. ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕಾದಳು. ಒಂದು ಮಾತು ಸಾಕಿತ್ತು, 'ಅವಳು ಬರ್ಲಿ' ಎಂದಿದ್ದರೆ ಸಾಕಿತ್ತು. ಅಪ್ಪ ಕಣ್ಣು ತಪ್ಪಿಸಿ ಗೇರು ಹಾಕಿದ. ಹಿಡಿ ಅವಳ ಕೈಯಿಂದ ಜಾರಿಕೊಂಡು ಹೋಯಿತು, ಬೆರಳುಗಳಲ್ಲಿ ಧೂಳು ಉಳಿಯಿತು. ಹೋಗಲಿ, ಎಂದುಕೊಂಡಳು. ಭಾವ ತಟ್ಟಲಿ. ಅವನ ಕೈಗೆ ಏನು ಗೊತ್ತಿದೆಯೋ ತಟ್ಟಲಿ.

ಅವರು ಬೇಗನೆ ಮರಳಿದರು. ಅಪ್ಪ ದಾರಿಯುದ್ದಕ್ಕೂ ಗೇರು ಲಿವರಿನ ಮೇಲೆ ಅಂಗೈಯೂರಿ ಓಡಿಸಿರಬೇಕು, ಅವಳಿಗೆ ನೋಡದೆಯೇ ಗೊತ್ತು. ಕಿವಿಗೆ ಸಿಕ್ಕದ್ದು ಅಂಗೈಗೆ ನಡುಕವಾಗಿ ಸಿಗುತ್ತಿತ್ತು, ಆದರೆ ಆ ನಡುಕ ಮುಂದಿನದೋ ಹಿಂದಿನದೋ ಎಂದು ಅಂಗೈ ಹೇಳುವುದಿಲ್ಲ. ಅಪ್ಪ ಇಳಿದು ಕಣ್ಣು ಅರ್ಧ ಮುಚ್ಚಿ ತಲೆ ವಾಲಿಸಿದ. ಆ ಭಂಗಿಯನ್ನು ಅವಳು ದೂರದಿಂದ ನೋಡಿದಳು. ಒಳಗೇನೂ ಇಲ್ಲದ ಭಂಗಿ ಅದು. "ಹಿಂದಿನ ಡಿಫರೆನ್ಷಿಯಲ್ ಹೋಗಿದೆ ಡಾಕ್ಟ್ರೇ. ಬದಲಾಯಿಸ್ಬೇಕು."

"ನಾನೂ ಅದೇ ಹೇಳ್ದೆ" ಎಂದ ಭಾವ, ಡಾಕ್ಟರಿಗೆ ಕೈಯಾಡಿಸಿ ವಿವರಿಸಿದ. ಎಂಜಿನ್ನಿನ ತಿರುಗುವಿಕೆಯನ್ನು ಎರಡು ಚಕ್ರಗಳಿಗೆ ಹಂಚಿಕೊಡುವ ಹಲ್ಲುಗಳ ಗುಂಪು ಡಿಫರೆನ್ಷಿಯಲ್ಲು. ತಿರುವಿನಲ್ಲಿ ಒಂದು ಚಕ್ರ ನಿಧಾನ, ಒಂದು ಚಕ್ರ ಜೋರು, ಇಬ್ಬರಿಗೂ ಜಗಳ ಬಾರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಇಂಥ ಗಾಡಿಗಳಲ್ಲಿ ಅದು ಹಿಂದೆ ಒಂದು, ಮುಂದೆ ಒಂದು ಇರುತ್ತದೆ. "ಮುಂದಿನದಕ್ಕೆ ನಾಲ್ಕು ಚಕ್ರದ ಎಳೆತದ ಲಿವರ್ ಹಾಕಿದ್ರೆ ಮಾತ್ರ ಕೆಲ್ಸ. ನಾವು ಹಾಕೇ ಇಲ್ಲ. ಕೆಲ್ಸ ಮಾಡ್ದೆ ಇರೋನು ಯಾಕೆ ಅಳ್ತಾನೆ ಹೇಳಿ ಸಾರ್?" ಡಾಕ್ಟರು ನಕ್ಕರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಅವಳಿಗೆ ಬಿಸಿ ಚಹಾವನ್ನು ಭಾವನ ಆ ಕೈಯ ಮೇಲೆ ಸುರಿಯಬೇಕೆನಿಸಿತು. ಮುದುಕಿಯಲ್ಲಿ ಲಿವರ್ ಹಾಕದಿದ್ದರೂ ಮುಂದಿನ ಚಕ್ರಗಳು ಉರುಳಿದಷ್ಟೂ ಮುಂದಿನ ಹಲ್ಲುಗಳು ಉರುಳುತ್ತಲೇ ಇರುತ್ತವೆ, ಯಾರೂ ಕೆಲಸವೆಂದು ಒಪ್ಪದ ಕೆಲಸವನ್ನು ದಿನವಿಡೀ ಮಾಡುತ್ತ. ಅವೂ ಸವೆಯುತ್ತವೆ. ಅವೂ ಅಳುತ್ತವೆ.

ಅಪ್ಪನ ಎದುರಿಗೆ ಹೋಗಿ ನಿಂತು ಬಾಯಿ ತೆರೆದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಸಿಟ್ಟು ಅವಳನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿತ್ತು. ಕಿವಿ ಬೇಡವೆಂದವರಿಗೆ ಕಿವಿ ಯಾಕೆ ಕೊಡಬೇಕು?

ಡಾಕ್ಟರು ಹೋದಮೇಲೆ ಮುದುಕಿಯ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ ಮರದ ದಿಮ್ಮಿ ಕೊಟ್ಟರು. ಚಕ್ರ ತೆಗೆದು, ಅದನ್ನು ತಿರುಗಿಸುವ ಆಕ್ಸಲ್ ಎಳೆದು, ಎಂಜಿನ್ನಿನ ತಿರುಗುವಿಕೆಯನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟನ್ನು ಬಿಡಿಸಿ ಪಕ್ಕಕ್ಕೆ ಕಟ್ಟಿದರು. ಅಪ್ಪ ಕೆಳಗೆ ಮಲಗಿ, ಡಿಫರೆನ್ಷಿಯಲ್ಲನ್ನು ಮುಚ್ಚಿದ್ದ ಬುರುಡೆಯ ಬೋಲ್ಟು ಸಡಿಲಿಸಿದ. ಎಣ್ಣೆ ಸುರಿಯಿತು, ಕಪ್ಪು, ದಪ್ಪ, ಸುಟ್ಟ ವಾಸನೆಯದು. ಅಪ್ಪ ಅದನ್ನು ಎರಡು ಬೆರಳ ನಡುವೆ ತಿಕ್ಕಿ ಬೆಳಕಿಗೆ ಹಿಡಿದ. ಅವಳಿಗೆ ದೂರದಿಂದಲೇ ಕಂಡಿತು: ಸವೆದ ಕಬ್ಬಿಣದ ಹೊಳಪು ಇತ್ತು, ಆದರೆ ಹಳೆಯ ಗಾಡಿಯೆಂದ ಮೇಲೆ ಇರಬೇಕಾದಷ್ಟೇ ಇತ್ತು. ಚೂರುಗಳಿರಲಿಲ್ಲ. ಡಿಫರೆನ್ಷಿಯಲ್ಲು ಹೊರಬಂತು, ಕಲ್ಲಂಗಡಿಯಷ್ಟು ದಪ್ಪನೆಯ ಕಬ್ಬಿಣದ ಹೊಟ್ಟೆ. ಹಲ್ಲುಗಳ ಅಂಚು ಸವೆದಿತ್ತು, ಮುಕ್ಕಾಗಿರಲಿಲ್ಲ. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. ಆಮೇಲೆ ತಲೆಯೆತ್ತಿ ಶೆಡ್ಡಿನುದ್ದಕ್ಕೂ ಅವಳನ್ನು ನೋಡಿದ. ಅದು ಕೇಳುವ ನೋಟ. ಇಷ್ಟು ವರ್ಷದಲ್ಲಿ ಅಪ್ಪ ಅವಳನ್ನು ಹಾಗೆ ನೋಡಿದ್ದು ನೆನಪಿಲ್ಲ. ಅವಳು ಲೋಟದ ತಳದಲ್ಲಿ ಅಂಟಿದ್ದ ಸಕ್ಕರೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಕೆರೆದೇ ಕೆರೆದಳು. ತಲೆಯೆತ್ತಿದಾಗ ಅಪ್ಪ ಗುಜರಿಯಿಂದ ತರಿಸಬೇಕಾದದ್ದನ್ನು ಭಾವನಿಗೆ ಹೇಳುತ್ತಿದ್ದ.

"ಹಲ್ಲಿನ ಲೆಕ್ಕ ನೋಡ್ಕೊಂಡು ತಗೊಂಡ್ಬಾ. ಹಿಂದೂ ಮುಂದೂ ಒಂದೇ ಇರ್ಬೇಕು. ಇಲ್ದಿದ್ರೆ ನಾಲ್ಕು ಚಕ್ರಕ್ಕೆ ಎಳೆತ ಕೊಟ್ಟಾಗ ಎರಡೂ ಒಂದನ್ನೊಂದು ಎಳೆದಾಡಿ ಸಾಯ್ತವೆ."

"ಗೊತ್ತು ಮಾವ. ಇದನ್ನ ಗುಜರಿಯವನಿಗೇ ಕೊಟ್ಬಿಡ್ಲಾ?"

ಭಾವ ಅದನ್ನು ಕೇಳಿದ್ದು ಅಪ್ಪನ ಬೆನ್ನಿಗೆ. ಉತ್ತರ ಬರಲಿಲ್ಲ. ಅವನು ಗೊಣಗುತ್ತ ಹೋದ. ಅವನು ಹೋದಮೇಲೆ ಅವಳು ಆ ಕಬ್ಬಿಣದ ಹೊಟ್ಟೆಯನ್ನು ಉರುಳಿಸಿಕೊಂಡು ಮೂಲೆಗೆ ತಂದಳು, ಸೀಮೆಎಣ್ಣೆಯಲ್ಲಿ ತೊಳೆದಳು, ಹಲ್ಲುಹಲ್ಲಿಗೂ ಗ್ರೀಸು ಸವರಿ ಗೋಣಿಚೀಲ ಮುಚ್ಚಿದಳು. ಯಾಕೆ ಹಾಗೆ ಮಾಡಿದೆನೆಂದು ಅವಳಿಗೇ ತಿಳಿಯಲಿಲ್ಲ. ಚೆನ್ನಾಗಿದ್ದದ್ದನ್ನು ಹೊರಗೆ ಹಾಕಿಸಿದವಳು ತಾನೇ, ಈಗ ಹೊದಿಕೆ ಹೊದಿಸುವವಳೂ ತಾನೇ. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯ ಹೆಚ್ಚಾದಷ್ಟೂ ಅಪ್ಪನ ಮೇಲಿನ ಸಿಟ್ಟು ಹೆಚ್ಚಾಯಿತು. ಇದೂ ನಿನ್ನಿಂದಲೇ, ಎಂದು ಅವನ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದಳು. ಬೆನ್ನು ಬಗ್ಗಿ ಕೆಲಸ ಮಾಡುತ್ತಿತ್ತು.

ಅಪ್ಪನ ಕೆಲಸ ನೋಡುವುದು ಅವಳಿಗೆ ಯಾವತ್ತೂ ಇಷ್ಟ. ಅದೇ ಈ ಎಲ್ಲಕ್ಕಿಂತ ಅನ್ಯಾಯದ ಸಂಗತಿ. ಗುಜರಿಯಿಂದ ಬಂದದ್ದನ್ನು ಬಿಚ್ಚಿ, ಹೊಸ ಬೇರಿಂಗ್ ಹಾಕಿ, ತೆಳ್ಳಗಿನ ತಗಡಿನ ಬಿಲ್ಲೆಗಳನ್ನು ಇಟ್ಟು ತೆಗೆದು ಇಟ್ಟು, ದೊಡ್ಡ ಹಲ್ಲುಗಾಲಿಗೂ ಸಣ್ಣ ಹಲ್ಲುಗಾಲಿಗೂ ನಡುವೆ ಎಷ್ಟು ಸಡಿಲವಿರಬೇಕೆಂದು ಹೆಬ್ಬೆರಳಿನಲ್ಲೇ ಅಳೆದ. ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡಿದ. ಅಂಚಿನಲ್ಲಿ ಅಳಿಸಿತ್ತು, ಮತ್ತೆ ಬಿಚ್ಚಿದ. ಮತ್ತೆ ಜೋಡಿಸಿದ. ನಡುವಿಗೆ ಬಂತು. ಆಗ ಅವನ ಮುಖದಲ್ಲಿ ಮೂಡಿದ ಸಮಾಧಾನ ಯಾರಿಗೂ ತೋರಿಸುವುದಕ್ಕಲ್ಲ. ಪಕ್ಕದಲ್ಲಿ ಭಾವ ಬೋಲ್ಟಿನ ಸುರುಳಿಗೀರು ತಪ್ಪಿಸಿ ಅಡ್ಡಡ್ಡ ಬಿಗಿದ. ಅಪ್ಪ ಕೂಗಿದ: "ಕೈಯೋ ಕಾಲೋ ಅದು?" ಕೆಲಸ ಕಲಿಯಲು ಬಂದವರನ್ನೆಲ್ಲ ಅಪ್ಪ ಬೈಯುತ್ತಿದ್ದದ್ದು ಅದೊಂದೇ ಮಾತಿನಲ್ಲಿ. ಅದನ್ನು ಕೇಳಿಕೊಂಡು ಎಷ್ಟೋ ಮಂದಿ ಮೆಕ್ಯಾನಿಕ್ಕುಗಳಾಗಿ ಹೋಗಿದ್ದರು. ಅವಳಿಗೆ ಅದನ್ನು ಒಂದು ಸಲವೂ ಅಂದಿರಲಿಲ್ಲ. ಸ್ಪ್ಯಾನರ್ ಕೈಯಿಂದ ಬಿದ್ದಾಗಲೂ "ಹೋಗಲಿ ಬಿಡು ಪುಟ್ಟಿ" ಎನ್ನುತ್ತಿದ್ದ, ಲೋಟ ಒಡೆದವಳಿಗೆ ಹೇಳುವ ಹಾಗೆ. ಭಾವನ ಮುಖ ಕೆಂಪಾದದ್ದನ್ನು ನೋಡಿ ಅವಳು ಹೊಟ್ಟೆಕಿಚ್ಚುಪಟ್ಟಳು. ಬೈಸಿಕೊಳ್ಳುವುದರಲ್ಲೂ ಅವನದೇ ಪಾಲು.

ಮರುದಿನ ಮಧ್ಯಾಹ್ನ ಡಾಕ್ಟರು ಬಂದರು. ಬಂದದ್ದೇ ಮುಂದಿನ ಸೀಟಿನಲ್ಲಿ ಕೂತು, "ನಾನೂ ಬರ್ತೀನಿ ಮೇಸ್ತ್ರಿ, ನನ್ನ ಕಿವಿಗೂ ಖಾತ್ರಿ ಆಗ್ಲಿ" ಎಂದರು. ಭಾವ ಹಿಂದೆ ಹತ್ತಿದ. ಅಪ್ಪ ಕೀಲಿಕೈ ಹಾಕಿ, ಹಾಕಿದವನು ತಿರುಗಿಸದೆ, ಶೆಡ್ಡಿನೊಳಗೆ ನೋಡಿ ಗಲ್ಲದಿಂದ ಅವಳನ್ನು ಕರೆದ. ಅಷ್ಟೇ, ಗಲ್ಲ ಸ್ವಲ್ಪ ಮೇಲೆ. ಭಾವ, "ಇವಳ್ಯಾಕೆ? ಪಿಕ್‌ನಿಕ್ಕಾ?" ಎಂದು ಕಾಲು ಮಡಿಸಿಕೊಂಡ. ಅವಳು ಹತ್ತಿ ಅಪ್ಪನ ಹಿಂದೆ ಕೂತಳು. ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡಳು.

ಬೀದಿಯ ಏರು ಬಂತು. ಗೋಳು ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಹಿಂದೆ ಕೂತವರ ಅಡಿಯಲ್ಲಿ ಹೊಸದಾಗಿ ಕೂರಿಸಿದ್ದು ಮೌನವಾಗಿ, ಚೆಂದವಾಗಿ ತಿರುಗುತ್ತಿತ್ತು. ಅಷ್ಟು ಒಳ್ಳೆಯ ಕೆಲಸವನ್ನು ಅವಳು ಯಾವ ಗಾಡಿಯಲ್ಲೂ ಕೇಳಿರಲಿಲ್ಲ. ಅದರಿಂದಾಗಿಯೇ ಮುಂದಿನ ಗೋಳು ಈಗ ಇನ್ನೂ ಸ್ಪಷ್ಟವಾಗಿತ್ತು, ಅದರಲ್ಲಿ ಒಂದು ಕರಕರವೂ ಸೇರಿತ್ತು. "ಸದ್ದು ಕಡಿಮೆ ಆದ ಹಾಗಿದೆ ಅಲ್ವಾ ಮೇಸ್ತ್ರಿ?" ಎಂದರು ಡಾಕ್ಟರು, ಕಿಟಕಿಯ ಕಡೆ ನೋಡುತ್ತ, ಇಷ್ಟೆಲ್ಲ ಮಾಡಿಸಿದ ಮೇಲೆ ಕಡಿಮೆಯಾಗಿರಲೇಬೇಕು ಎನ್ನುವವರ ಹಾಗೆ. "ಬೆಣ್ಣೆ ಸಾರ್, ಬೆಣ್ಣೆ" ಎಂದ ಭಾವ. ಅಪ್ಪ ಇಬ್ಬರಿಗೂ ಉತ್ತರ ಕೊಡಲಿಲ್ಲ. ಅಪ್ಪನ ಎಡಭುಜ ಸೀಟಿನಿಂದ ಒಂದಿಷ್ಟು ಹಿಂದಕ್ಕೆ ವಾಲಿತ್ತು. ಮಾಸಿದ ಅಂಗಿಯ ಹೊಲಿಗೆ ಆ ಜಾಗದಲ್ಲಿ ಸವೆದು ತೆಳ್ಳಗಾಗಿತ್ತು, ಅವಳ ಕೈ ಇಷ್ಟು ವರ್ಷ ಕೂತ ಜಾಗದಲ್ಲಿ. ಭುಜ ಕಾಯುತ್ತಿತ್ತು.

ಸುಮ್ಮನಿದ್ದರೆ ಏನಿಲ್ಲವೆಂದು ಅರ್ಥ. ಆಟದ ನಿಯಮ ಅದು. ಸುಮ್ಮನಿರುವುದೂ ಒಂದು ಮಾತೇ ಎಂದು, ಸುಮ್ಮನಿದ್ದೇ ಇಷ್ಟು ದೊಡ್ಡವಳಾದ ಅವಳಿಗೆ ಆಗ ಹೊಳೆದು ಭಯವಾಯಿತು. ಕೈ ತೊಡೆಗಳ ನಡುವೆಯೇ ಇದ್ದರೆ ಅಪ್ಪ ಶೆಡ್ಡಿಗೆ ಮರಳಿ, ತಲೆ ವಾಲಿಸಿ, "ಹೋಯ್ತು ಡಾಕ್ಟ್ರೇ, ಧೈರ್ಯವಾಗಿ ಹೋಗ್ಬನ್ನಿ" ಎನ್ನುತ್ತಾನೆ. ನಾಳೆ ಗುಡ್ಡದ ದಾರಿಯಲ್ಲಿ ಡಾಕ್ಟರು ಲಿವರ್ ಹಾಕುತ್ತಾರೆ, ಅಳುತ್ತಿರುವ ಹಲ್ಲುಗಳ ಮೇಲೆ ಮುದುಕಿಯ ಭಾರವೆಲ್ಲ ಬೀಳುತ್ತದೆ, ಒಂದು ಹಲ್ಲು ಮುರಿದು ಇನ್ನೊಂದರ ನಡುವೆ ಸಿಕ್ಕಿಕೊಂಡರೆ ಮುಂದಿನ ಚಕ್ರಗಳು ಗಕ್ಕನೆ ನಿಲ್ಲುತ್ತವೆ. ತಟ್ಟಿದರೆ? ಎರಡೇ ಎರಡು ಸಲ ತಟ್ಟಿದರೆ ಅಪ್ಪ ಏನೋ ನೆಪ ಹೇಳಿ ಗಾಡಿಯನ್ನು ಉಳಿಸಿಕೊಳ್ಳುತ್ತಾನೆ, ಮೇಸ್ತ್ರಿಯ ಕಿವಿ ಎಂಥ ಕಿವಿ ಎಂದು ಡಾಕ್ಟರು ಬೆರಗಾಗುತ್ತಾರೆ, ಬೋರ್ಡಿನ ಮೇಲೆ ಭಾವನ ಹೆಸರು ಬರುತ್ತದೆ, ಅವಳು ಲೋಟ ತೊಳೆಯುತ್ತಾಳೆ. ಯಾವಾಗಲಾದರೊಮ್ಮೆ ಗಲ್ಲ ಮೇಲೇಳುತ್ತದೆ, ಅವಳು ಹತ್ತಿ ಕೂರುತ್ತಾಳೆ. ಸಾಯುವವರೆಗೂ ತಟ್ಟುತ್ತಾಳೆ. ಭುಜ ಇನ್ನಷ್ಟು ಹಿಂದಕ್ಕೆ ಬಂತು. ಅದರಲ್ಲಿ ಬೇಡಿಕೆಯಿತ್ತು, ಮತ್ತು ಅವಳು ಕೊಟ್ಟೇ ಕೊಡುತ್ತಾಳೆಂಬ ಧೈರ್ಯವೂ ಇತ್ತು. ಆ ಧೈರ್ಯ ಅವಳಿಗೆ ಸಹಿಸಲಾಗಲಿಲ್ಲ.

"ಅಪ್ಪ, ಸದ್ದು ಮುಂದಿಂದ ಬರ್ತಿದೆ."

ತನ್ನದೇ ಧ್ವನಿ ಅವಳಿಗೆ ಯಾರದೋ ಎನಿಸಿತು. ಭಾವ ತಿರುಗಿ ನೋಡಿದ. ಡಾಕ್ಟರು ತಿರುಗಿ ನೋಡಿದರು. ಅಪ್ಪ ರಸ್ತೆಯನ್ನು ನೋಡುತ್ತಿದ್ದ.

"ಅಪ್ಪ! ಮುಂದಿನ ಡಿಫರೆನ್ಷಿಯಲ್ ಹೋಗಿರೋದು. ಹಿಂದಿನದು ಚೆನ್ನಾಗೇ ಇತ್ತು. ನೀನು ತೆಗ್ದಿದ್ದು ಚೆನ್ನಾಗೇ ಇತ್ತು!"

ಈ ಸಲ ಅವಳು ಕಿರುಚಿದ್ದಳು. ದಾರಿಯ ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ತಲೆಯೆತ್ತಿದ. ಭಾವ ನಕ್ಕುಬಿಟ್ಟ. "ನೋಡಿ ಮಾವ, ನಿಮ್ಮ ಮೂಗಿಗೆ ಬಾಯಿ ಬಂತು." ಅಪ್ಪ ಗೇರು ಬದಲಿಸಿದ. "ಮಾವ?" ಎಂದ ಭಾವ. ಇನ್ನೊಮ್ಮೆ, ಕುತ್ತಿಗೆ ಮುಂದೆ ಚಾಚಿ, ಅಪ್ಪನ ಕಿವಿಯ ಹತ್ತಿರವೇ, "ಮಾವ?" ಎಂದ. ಅವನ ನಗು ಹೋದ ಜಾಗದಲ್ಲಿ ಏನಿರಬೇಕೆಂದು ಅವನ ಮುಖಕ್ಕೆ ತಿಳಿಯಲಿಲ್ಲ. ಡಾಕ್ಟರು ಅಪ್ಪನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು. ಮಲಗಿದಲ್ಲಿಂದ ಏಳದ ಹಸುವನ್ನು ಅವರು ಹೀಗೆಯೇ ನೋಡುತ್ತಿರಬೇಕು. ಗಾಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಭುಜ ಮಾತ್ರ ಇನ್ನೂ ಕಾಯುತ್ತಿತ್ತು.

ತಿರುವಿನಲ್ಲಿ ಗಾಡಿ ಹಿಂದಕ್ಕೆ ಹೊರಳಿಸಲು ಅಪ್ಪ ಕನ್ನಡಿ ನೋಡಿದ. ಕನ್ನಡಿಯಲ್ಲಿ ಭಾವನ ಮುಖವಿತ್ತು, ಅವಳ ಮುಖವಿತ್ತು, ಅವಳ ಬಾಯಿ ಇನ್ನೂ ತೆರೆದಿತ್ತು. ಅಪ್ಪ ಪಕ್ಕಕ್ಕೆ ತಿರುಗಿ ಡಾಕ್ಟರನ್ನು ನೋಡಿದ. ಆಮೇಲೆ ಬಹಳ ನಿಧಾನವಾಗಿ ಭುಜವನ್ನು ಮುಂದಕ್ಕೆ ಎಳೆದುಕೊಂಡು, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಶೆಡ್ಡಿಗೆ ತಂದು ನಿಲ್ಲಿಸಿದ. ಇಳಿದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂತುಬಿಟ್ಟ.

ಡಾಕ್ಟರು ಅವನ ಎದುರಿಗೆ ಹೋಗಿ ನಿಂತರು. "ಮೇ-ಸ್ತ್ರಿ! ಎ-ರ-ಡು ದಿ-ನ ಬಿ-ಟ್ಟು ಬ-ರ್ತೀ-ನಿ!" ಎಂದು ಬೆರಳು ಮಡಿಸಿ ತೋರಿಸುತ್ತ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ನಿನ್ನೆಯವರೆಗೆ ಇದೇ ಮನುಷ್ಯ ಅಪ್ಪನ ಜೊತೆ ಸಲೀಸಾಗಿ ಮಾತಾಡಿ ನಗುತ್ತಿದ್ದ. ಅಪ್ಪ ತಲೆ ಕೆಳಗೆ ಹಾಕಿದ. ಅವಳಿಗೆ ಡಾಕ್ಟರ ಮೇಲೆ ಎಂಥ ಸಿಟ್ಟು ಬಂತೆಂದರೆ, ಓಡಿಹೋಗಿ ಆ ಮಡಿಸಿದ ಬೆರಳುಗಳನ್ನು ಹಿಡಿದು ತಿರುಚಬೇಕೆನಿಸಿತು. ಅವನಿಗೆ ತುಟಿ ನೋಡಿದರೆ ಸಾಕು, ಕಿರುಚಬೇಡಿ, ಎನ್ನಬೇಕೆನಿಸಿತು. ಕಿರುಚಿದ್ದು ತಾನೇ. ಈ ಬೀದಿಗೆ ಕಿರುಚುವುದನ್ನು ಕಲಿಸಿಕೊಟ್ಟವಳು ತಾನೇ.

ಅವಳು ಯಾರನ್ನೂ ಕೇಳದೆ ಮುದುಕಿಯ ಮುಂಭಾಗಕ್ಕೆ ಜಾಕ್ ಕೊಟ್ಟಳು. ಯಾರೂ ಬೇಡವೆನ್ನಲಿಲ್ಲ. ಮುಂದಿನ ಬುರುಡೆಯ ಬೋಲ್ಟು ಸಡಿಲಿಸಿದಾಗ ಎಣ್ಣೆ ಬೆಳ್ಳಿಯ ಹಾಗೆ ಹೊಳೆಯುತ್ತ ಸುರಿಯಿತು, ಅದರ ಜೊತೆ ಉಗುರಿನಷ್ಟು ದೊಡ್ಡ ಚೂರೊಂದು ತಟ್ಟೆಯಲ್ಲಿ ಟಣ್ ಎಂದಿತು. ಇದನ್ನು ನೋಡಿದಾಗ ಸಂತೋಷವಾಗುತ್ತದೆಂದು ನಿನ್ನೆಯಿಡೀ ಅಂದುಕೊಂಡಿದ್ದಳು. ಆಗಲಿಲ್ಲ. ಭಾವ ಟಾರ್ಚು ಹಿಡಿದು ಕುಕ್ಕುರುಗಾಲಿನಲ್ಲಿ ಕೂತು, "ಇನ್ನೊಂದು ಬೇಕಂದ್ರೆ ಗುಜರಿಯವನು ನಾಳೆ ತಗೊಂಡು ಬರ್ತಾನಂತೆ" ಎಂದ, ಏನಾದರೂ ಹೇಳಬೇಕಲ್ಲ ಎಂದು. "ಬರೋದು ಬೇಡ" ಎಂದು ಅವಳು ಮೂಲೆಯ ಗೋಣಿಚೀಲವನ್ನು ತೋರಿಸಿದಳು. ಹಿಂದಿನಿಂದ ತೆಗೆದದ್ದು ಮುಂದಕ್ಕೂ ಕೂರುತ್ತದೆ, ಈ ಗಾಡಿಯಲ್ಲಿ ಎರಡೂ ಒಂದೇ ಅಚ್ಚಿನವು. ಭಾವ ಚೀಲ ಸರಿಸಿ, ಗ್ರೀಸು ಸವರಿದ ಹಲ್ಲುಗಳನ್ನು ನೋಡಿ, ಅವಳನ್ನು ನೋಡಿ, ಎಲ್ಲವನ್ನೂ ಅರ್ಥ ಮಾಡಿಕೊಂಡವನ ಹಾಗೆ ಚೀಲವನ್ನು ಮತ್ತೆ ಮುಚ್ಚಿದ. ಮೊದಲೇ ಗೊತ್ತಿತ್ತಲ್ಲ ನಿನಗೆ, ಎಂದು ಅವನು ಕೇಳುವ ಮೊದಲೇ ಅವಳು ಸ್ಪ್ಯಾನರ್ ಎತ್ತಿಕೊಂಡಳು.

ಮುಂದಿನದನ್ನು ಬಿಚ್ಚುವುದು ಹಿಂದಿನದರಷ್ಟು ಸುಲಭವಲ್ಲ. ಚಕ್ರವನ್ನು ಹೊರಳಿಸುವ ಮೊಣಕಾಲಿನಂಥ ಭಾಗವನ್ನೆಲ್ಲ ಬಿಡಿಸಿದ ಮೇಲೆ ಆಕ್ಸಲ್ಲನ್ನು ಉದ್ದಕ್ಕೆ ಎಳೆದು ತೆಗೆಯಬೇಕು. ಎಳೆಯುವಾಗ ಅದು ಒಂದಿಷ್ಟು ಕೆಳಗೆ ಬಾಗಿದರೂ ಎಣ್ಣೆ ಸೋರದಂತೆ ತಡೆಯುವ ಒಳಗಿನ ರಬ್ಬರಿನ ಸೀಲು ಹರಿಯುತ್ತದೆ. ಎಷ್ಟೋ ಸಲ ನೋಡಿದ್ದಳು, ಒಂದು ಸಲವೂ ಮಾಡಿರಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಎಳೆದಳು. ಬರಲಿಲ್ಲ. ಹಲ್ಲು ಕಚ್ಚಿ, ಯಾರ ಮೇಲೆಂದು ತಿಳಿಯದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಎಳೆದಳು. ಆಕ್ಸಲ್ಲು ಜಾರಿತು, ಅದರ ಭಾರಕ್ಕೆ ಅವಳ ಮಣಿಕಟ್ಟು ಬಾಗಿತು.

"ಕೈಯೋ ಕಾಲೋ ಅದು?"

ತಗಡಿನ ಸೂರು ನಡುಗಿತು. ಅಪ್ಪ ಸ್ಟೂಲಿನಿಂದ ಎದ್ದು ಬಂದು ಅವಳ ತಲೆಯ ಮೇಲೆ ನಿಂತಿದ್ದ. ಕಣ್ಣು ಕೆಂಪಾಗಿತ್ತು, ಮುಖ ಗಂಟಿಕ್ಕಿತ್ತು. ಅಳಿಯನ ಕಡೆ ನೋಡುತ್ತಿರಲಿಲ್ಲ. ಅವಳ ಕೈಗಳನ್ನೇ ನೋಡುತ್ತಿದ್ದ. "ಸೀಲ್ ಹರಿದ್ರೆ ಯಾರು ಕಟ್ಟಿಕೊಡ್ತಾರೆ? ಕೆಳಗಿಂದ ಎತ್ತಿ ಹಿಡಿ! ಮೇಲೆ! ಇನ್ನೂ ಮೇಲೆ!"

"ಎತ್ತೇ ಹಿಡ್ಕೊಂಡಿದೀನಿ, ಕಾಣಲ್ವಾ ನಿಂಗೆ!" ಎಂದು ಅವಳು ನೆಲ ನೋಡುತ್ತಲೇ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಅವನು ಮತ್ತೆ ಬೈದ. ಅವಳು ಆಕ್ಸಲ್ಲನ್ನು ಎತ್ತಿ ಹಿಡಿದು ಒಂದೊಂದೇ ಬೆರಳಿನಷ್ಟು ಹೊರಗೆ ತರುತ್ತ, ಮೂಗು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಮತ್ತೆ ಕೂಗಿದಳು.